ಅಂಗಳದಲ್ಲಿ ಆಕಾಶದ ಪಾಠ

೨೦೨೩ನೆಯ ಇಸವಿಯ ಆಗಸ್ಟ್ ೨೩ರಂದು ಚಂದ್ರಯಾನ–೩ರ ವಿಕ್ರಮ ನೌಕೆಯು ಚಂದ್ರನ ದಕ್ಷಿಣ ಧ್ರುವಕ್ಕೆ ಸಮೀಪವಾದ ನೆಲವನ್ನು ಮುಟ್ಟಿದಾಗ ನಮ್ಮ ಬೈಲಹೊಂಗಲ ಸೀಮೆಯಲ್ಲಿಯೂ ಹರ್ಷವು ಉಕ್ಕಿತು. ಮರುವರ್ಷದಿಂದ ಆ ದಿನವು ರಾಷ್ಟ್ರೀಯ ಬಾಹ್ಯಾಕಾಶ ದಿನವೆಂದು ಆಚರಿಸಲ್ಪಡುತ್ತಿದೆ. ಎರಡನೆಯ ಇಯತ್ತೆಯ ಮಕ್ಕಳು ಕೂಡ ವಿಕ್ರಮ, ಪ್ರಜ್ಞಾನ ಎಂಬ ಹೆಸರುಗಳನ್ನು ತಡವರಿಸದೆ ಹೇಳುವರು. ಇದು ಸಂತೋಷದ ಮಾತೇ ಸರಿ. ಆದರೆ ಅದೇ ಮಗುವನ್ನು ಹತ್ತಿರ ಕರೆದು, “ತಮ್ಮಾ, ಇವತ್ತು ಸಂಜೀಕ ಚಂದ್ರ ಯಾವ ದಿಕ್ಕಿಗೆ ಕಾಣಸ್ತಾನ?” ಎಂದು ಕೇಳಿರಿ. ಮಗುವು ಮೊದಲು ನಮ್ಮ ಮುಖವನ್ನು ನೋಡುವದು. ಅನಂತರ ಪುಸ್ತಕವನ್ನು ನೋಡುವದು. ಆಕಾಶವನ್ನು ಮಾತ್ರ ನೋಡುವದಿಲ್ಲ. ಈ ಕೊರತೆಯು ಮಗುವಿನದಲ್ಲ, ಕಲಿಸಿದ ನಮ್ಮದು.

ಚಿಕ್ಕ ಮಕ್ಕಳಿಗೆ ಖಗೋಳವನ್ನು ಹೇಗೆ ಕಲಿಸಬೇಕೆಂಬ ವಿಚಾರವು ಈಗ ಎಲ್ಲ ದೇಶಗಳಲ್ಲಿಯೂ ಹೊಸದಾಗಿ ನಡೆದಿದೆ. ಅಮೇರಿಕೆಯಲ್ಲಿ ೨೦೧೩ರಲ್ಲಿ ಪ್ರಕಟವಾದ ವಿಜ್ಞಾನ ಶಿಕ್ಷಣದ ಮಾನದಂಡಗಳು ಮೊದಲನೆಯ ಇಯತ್ತೆಯ ಮಗುವಿನಿಂದ ಈ ವಿಷಯದಲ್ಲಿ ಎರಡನ್ನೇ ಅಪೇಕ್ಷಿಸುತ್ತವೆ. ಸೂರ್ಯ, ಚಂದ್ರ, ನಕ್ಷತ್ರಗಳನ್ನು ತಾನೇ ನೋಡಿ ಅವುಗಳ ಚಲನೆಯಲ್ಲಿರುವ ಕ್ರಮವನ್ನು ಗುರುತಿಸಬೇಕು. ವರ್ಷದ ಬೇರೆ ಬೇರೆ ಕಾಲಗಳಲ್ಲಿ ಹಗಲು ಎಷ್ಟೆಷ್ಟು ಹೊತ್ತು ಇರುವದೆಂಬುದನ್ನು ಹೋಲಿಸಬೇಕು. ನೆರಳಿನ ಉದ್ದ ಮತ್ತು ದಿಕ್ಕುಗಳ ಲೆಕ್ಕವು ಐದನೆಯ ಇಯತ್ತೆಗೆ ಬರುವದು. ಗ್ರಹಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿರೆಂದು ಮೊದಲನೆಯ ಇಯತ್ತೆಯವರಿಗೆ ಅಲ್ಲಿ ಹೇಳಿಲ್ಲ. ನಮ್ಮ ದೇಶದಲ್ಲಿ ೨೦೨೨ರಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿಯೂ, ೨೦೨೩ರಲ್ಲಿ ಇಡೀ ಶಾಲಾಶಿಕ್ಷಣಕ್ಕಾಗಿಯೂ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟುಗಳು ಹೊರಬಂದವು. ಮೂರರಿಂದ ಐದನೆಯ ಇಯತ್ತೆಯ ವಿಷಯಕ್ಕೆ ಅವು ‘ನಮ್ಮ ಸುತ್ತಲಿನ ಜಗತ್ತು’ ಎಂಬ ಅರ್ಥದ ಹೆಸರನ್ನು ಕೊಟ್ಟು, ಕಂಡು ಮಾಡಿ ಕಲಿಯುವದಕ್ಕೆ ಪ್ರಾಧಾನ್ಯವನ್ನು ಇತ್ತಿವೆ. ನಮ್ಮ ರಾಜ್ಯವು ತನ್ನದೇ ಆದ ಶಿಕ್ಷಣನೀತಿಗಾಗಿ ಸುಖದೇವ ಥೋರಾಟರ ಅಧ್ಯಕ್ಷತೆಯಲ್ಲಿ ೨೦೨೩ರಲ್ಲಿ ಆಯೋಗವನ್ನು ನೇಮಿಸಿತು. ಅದರ ವರದಿಯು ೨೦೨೫ರ ಆಗಸ್ಟಿನಲ್ಲಿ ಸರಕಾರದ ಕೈ ಸೇರಿತು. ನೀತಿಗಳ ವಾದವು ಬಲ್ಲವರಿಗಿರಲಿ. ಮೊದಲು ಕಣ್ಣು, ಆಮೇಲೆ ಮಾತು ಎಂಬ ತತ್ತ್ವವು ಯಾವ ನೀತಿಯಲ್ಲಿಯೂ ಹಳತಾಗದು.

ಈ ತತ್ತ್ವವನ್ನು ನಾವು ತಡವಾಗಿ ಕಲಿತೆವು. ಕಲಿಸಿದವಳು ಏಳು ವರ್ಷದ ಒಬ್ಬ ಹುಡುಗಿ. ನಾವು ಮಾಸ್ತರಿಕೆ ಮಾಡುತ್ತಿದ್ದ ಕಾಲದಲ್ಲಿ ಒಂದು ದಿನ ಹಲಗೆಯ ಮೇಲೆ ‘ಸೂರ್ಯನು ಪೂರ್ವದಲ್ಲಿ ಹುಟ್ಟುತ್ತಾನೆ’ ಎಂದು ಬರೆದು ಎಲ್ಲರಿಂದ ಹೇಳಿಸುತ್ತಿದ್ದೆವು. ಆ ಹುಡುಗಿ ಎದ್ದು ನಿಂತು, “ಗುರುಗಳ, ಹೊತ್ತು ದಿನಾ ಒಂದ ಜಾಗಾದಾಗ ಹುಟ್ಟಂಗಿಲ್ರೀ. ಥಂಡಿ ದಿನದಾಗ ಗುಡಿ ಕಳಸದ ಹಂತೇಕ ಬರತೈತ್ರಿ, ಬ್ಯಾಸಗ್ಯಾಗ ಬೇವಿನ ಗಿಡದ ಹಿಂದ ಬರತೈತ್ರಿ” ಎಂದಳು. ನಾವು ಗದರಿಸಿ ಕೂಡ್ರಿಸಿದೆವು. ಅವಳು ಮತ್ತೆ ಪ್ರಶ್ನೆ ಕೇಳಲಿಲ್ಲ. ಮರುವರ್ಷದ ಪುಷ್ಯಮಾಸದಲ್ಲಿ ನಮ್ಮದೇ ಮನೆಯ ಕಟ್ಟೆಯ ಮೇಲೆ ಕುಳಿತು ನೋಡಿದಾಗ ಅವಳು ಹೇಳಿದ್ದು ಅಕ್ಷರಶಃ ನಿಜವೆಂದು ತಿಳಿಯಿತು. ನಮ್ಮ ಸೀಮೆಯಲ್ಲಿ ಸೂರ್ಯನು ಡಿಸೆಂಬರದ ಕೊನೆಗೆ ನೇರ ಪೂರ್ವದಿಂದ ಸುಮಾರು ೨೪ ಅಂಶಗಳಷ್ಟು ದಕ್ಷಿಣಕ್ಕೂ, ಜೂನದ ಕೊನೆಗೆ ಅಷ್ಟೇ ಉತ್ತರಕ್ಕೂ ಸರಿದು ಹುಟ್ಟುವನು. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲವು ಸುಮಾರು ೧೦ ಅಂಶವೆನ್ನಬಹುದು. ಅಂದರೆ ಎರಡು ತುದಿಗಳ ನಡುವೆ ಐದು ಮುಷ್ಟಿಗಳ ಅಂತರ! ನೇರ ಪೂರ್ವದಲ್ಲಿ ಅವನು ಹುಟ್ಟುವದು ಮಾರ್ಚ್ ಮತ್ತು ಸಪ್ಟಂಬರಗಳ ವಿಷುವ ದಿನಗಳ ಸುಮಾರಿಗೆ ಮಾತ್ರ. ಉತ್ತರಾಯಣ, ದಕ್ಷಿಣಾಯನ ಎಂಬ ಶಬ್ದಗಳ ವ್ಯುತ್ಪತ್ತಿಯನ್ನು ಬಲ್ಲ ನಾವು ಅವುಗಳ ಅರ್ಥವನ್ನು ಆಕಾಶದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅಕ್ಷರ ಬಾರದ ಆ ಮಗುವು ನೋಡಿದ್ದಳು.

ಕಣ್ಣಿಗೆ ಕಾಣದ್ದನ್ನು ಮಾತಿನಿಂದ ತುಂಬಿದರೆ ಏನಾಗುವದೆಂಬುದನ್ನು ಮನಃಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. ವೊಸ್ನಿಯಾಡು ಮತ್ತು ಬ್ರೂವರ ಎಂಬ ವಿದ್ವಾಂಸರು ೧೯೯೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ಭೂಮಿಯು ಗುಂಡಗಿದೆ’ ಎಂದು ಹೇಳುವ ಅನೇಕ ಮಕ್ಕಳು ಮನಸ್ಸಿನಲ್ಲಿ ಅದನ್ನು ರೊಟ್ಟಿಯಂತೆ ಚಪ್ಪಟೆಯಾದ ಗುಂಡೆಂದೋ, ಟೊಳ್ಳಾದ ಚೆಂಡಿನ ಒಳಗೆ ನಾವು ನಿಂತಿರುವೆವೆಂದೋ ತಿಳಿದಿರುವದು ಕಂಡುಬಂದಿತು. ಮಕ್ಕಳು ದಡ್ಡರೆಂದು ಇದರ ಅರ್ಥವಲ್ಲ. ಕಣ್ಣು ಒಂದು ಹೇಳುತ್ತದೆ, ಗುರುಗಳು ಇನ್ನೊಂದು ಹೇಳುತ್ತಾರೆ. ಎರಡನ್ನೂ ಬಿಡಲಾರದೆ ಮಗುವು ತನ್ನದೇ ಒಂದು ಸಂಧಿಯನ್ನು ಮಾಡಿಕೊಳ್ಳುತ್ತದೆ. ಗುರುವು ಆ ಸಂಧಿಯನ್ನು ಬಿಡಿಸಿ ನೋಡದಿದ್ದರೆ ತಪ್ಪು ತಿಳಿವಳಿಕೆಯು ಸರಿಯಾದ ಉತ್ತರದ ಹಿಂದೆ ವರ್ಷಗಟ್ಟಲೆ ಅಡಗಿ ಕೂಡ್ರುವದು.

ಹಾಗಾದರೆ ಗೃಹಸ್ಥರು ಮಾಡತಕ್ಕದ್ದೇನು? ಮೊದಲನೆಯದು ಶಂಕು. ಸೂರ್ಯಸಿದ್ಧಾಂತಾದಿ ಗ್ರಂಥಗಳಲ್ಲಿ ಹೇಳಿದ ಹನ್ನೆರಡು ಅಂಗುಲದ ಶಂಕುವೆಂದರೆ ನೆಟ್ಟಗೆ ನಿಲ್ಲಿಸಿದ ಒಂದು ಕೋಲು, ಅಷ್ಟೇ. ಅಂಗಳದ ಸಮನೆಲದಲ್ಲಿ ಅದನ್ನು ನೆಟ್ಟು, ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ನೆರಳಿನ ತುದಿಗೆ ಮಗುವಿನಿಂದ ಒಂದು ಹರಳು ಇಡಿಸಿರಿ. ನಮ್ಮ ಗಡಿಯಾರವು ಎಂಬತ್ತೆರಡೂವರೆ ಅಂಶದ ರೇಖೆಯದು. ನಮ್ಮ ಊರುಗಳು ೭೫ ಅಂಶದ ಆಸುಪಾಸಿನಲ್ಲಿರುವದರಿಂದ ನಮ್ಮ ನಿಜವಾದ ಮಧ್ಯಾಹ್ನವು ಅರ್ಧ ತಾಸು ತಡವಾಗಿ ಬರುವದು. ಡಿಸೆಂಬರ ೨೧ರ ಸುಮಾರಿಗೆ ನೆರಳು ಉತ್ತರಕ್ಕೆ ಹತ್ತು ಅಂಗುಲದ ಸಮೀಪ ಚಾಚುವದು; ವಿಷುವದ ದಿನ ಮೂರೂವರೆಗೆ ಇಳಿಯುವದು; ಜೂನ ೨೧ರ ಸುಮಾರಿಗೆ ದಿಕ್ಕೇ ತಿರುಗಿ ದಕ್ಷಿಣಕ್ಕೆ ಒಂದೂವರೆ ಅಂಗುಲವಾಗುವದು. ನಡುವೆ ಎರಡು ಸಲ, ಅಂದರೆ ಮೇ ೩–೪ ಮತ್ತು ಆಗಸ್ಟ್ ೮–೯ರ ಸುಮಾರಿಗೆ, ಸೂರ್ಯನು ನೆತ್ತಿಯ ಮೇಲೆಯೇ ಬಂದು ನೆರಳು ಕೋಲಿನ ಬುಡದಲ್ಲಿ ಮಾಯವಾಗುವದು. ಮೇ ತಿಂಗಳಲ್ಲಿ ಶಾಲೆಗೆ ರಜೆ, ಆಗಸ್ಟಿನಲ್ಲಿ ಆಕಾಶಕ್ಕೆ ಮೋಡ. ಆದುದರಿಂದ ಮೇ ತಿಂಗಳ ಈ ಪಾಠವನ್ನು ತಾಯಿತಂದೆಗಳೇ ಮಾಡಬೇಕಲ್ಲದೆ ಮಾಸ್ತರರಿಂದ ಆಗದು.

ಎರಡನೆಯದು ಚಂದ್ರ. ಅಮಾವಾಸ್ಯೆಯ ನಂತರದ ಬಿದಿಗೆಯಿಂದ ದಿನಾಲು ಸಂಜೆ ಒಂದೇ ಹೊತ್ತಿಗೆ, ಒಂದೇ ಕಟ್ಟೆಯ ಮೇಲೆ ನಿಂತು ಮಗುವು ಚಂದ್ರನ ಆಕಾರವನ್ನು ಪಾಟಿಯ ಮೇಲೆ ಬರೆಯಲಿ. ಪಶ್ಚಿಮದಲ್ಲಿ ಗೆರೆಯಂತೆ ಕಂಡವನು ದಿನದಿನಕ್ಕೆ ಬೆಳೆಯುತ್ತ ಪೂರ್ವಕ್ಕೆ ಸರಿದು, ಹುಣ್ಣಿಮೆಯಂದು ಹೊತ್ತು ಮುಳುಗುವಾಗಲೇ ಮೂಡುವನು. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಮನೆಗಳಲ್ಲಿ ಮಕ್ಕಳಿಗೆ ಇದನ್ನು ತೋರಿಸುವದು ಎಷ್ಟು ಸುಲಭ! ಹುಣ್ಣಿಮೆ ಕಳೆದ ಮೇಲೆ ಚಂದ್ರೋದಯವು ದಿನಕ್ಕೆ ಸುಮಾರು ೫೦ ಮಿನಿಟು ಹಿಂದೆ ಬೀಳುವದು. ಸಂಕಷ್ಟಿಯ ಉಪವಾಸ ಮಾಡುವ ಅಜ್ಜಿಯು ರಾತ್ರಿ ಒಂಬತ್ತರವರೆಗೆ ಕಾಯುವದು ಇದರಿಂದಲೇ. ಕೃಷ್ಣಪಕ್ಷದ ಅಷ್ಟಮಿಯ ಮುಂಜಾನೆ ಶಾಲೆಗೆ ಹೋಗುವ ಹುಡುಗನಿಗೆ ಹಗಲು ಚಂದ್ರನನ್ನು ತೋರಿಸಿದರೆ, ‘ಚಂದ್ರನು ರಾತ್ರಿ ಮಾತ್ರ ಇರುವನು’ ಎಂಬ ಭ್ರಮೆಯು ತಾನಾಗಿ ಹರಿಯುವದು.

ಮೂರನೆಯದು ನಕ್ಷತ್ರ. ಕಿತ್ತೂರ ಕೋಟೆಯ ಅರಮನೆಯ ಪಾಳುಗೋಡೆಗಳ ನಡುವೆ ಧ್ರುವನಕ್ಷತ್ರವನ್ನು ನೋಡುವ ಕಿಂಡಿಯೆಂದು ಬಂದವರಿಗೆ ತೋರಿಸುವ ಒಂದು ತಾಣವಿದೆ. ಯಾವ ಊರಿನ ಅಕ್ಷಾಂಶವು ಎಷ್ಟೋ, ಧ್ರುವವು ಅಲ್ಲಿ ಕ್ಷಿತಿಜದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ನಿಲ್ಲುವದು. ಕಿತ್ತೂರಿನಲ್ಲಿ ಅದು ಹದಿನೈದೂವರೆ ಅಂಶ, ರಾಮದುರ್ಗದಲ್ಲಿ ಹದಿನಾರರ ಸಮೀಪ. ಚಾಚಿದ ಕೈಯ ಒಂದೂವರೆ ಮುಷ್ಟಿ. ಚೈತ್ರ ವೈಶಾಖಗಳ ರಾತ್ರಿ ಉತ್ತರಕ್ಕೆ ಮುಖ ಮಾಡಿ ಸಪ್ತರ್ಷಿಗಳ ಮೊದಲಿನ ಇಬ್ಬರನ್ನು ಸೇರಿಸುವ ಗೆರೆಯನ್ನು ಕೆಳಕ್ಕೆ ಎಳೆದರೆ ಧ್ರುವನು ಸಿಕ್ಕುವನು. ರೈತರ ಮನೆಯ ಮಕ್ಕಳಿಗೆ ಮಿರಗದ ಮಳೆಯ ಹೆಸರು ಗೊತ್ತು. ಆದರೆ ಮೃಗಶಿರವನ್ನು ನೋಡಿದವರು ವಿರಳ. ಜೂನದಲ್ಲಿ ಸೂರ್ಯನೇ ಆ ನಕ್ಷತ್ರದ ಕಡೆಗೆ ಇರುವದರಿಂದ ಆಗ ಅದು ಕಾಣದು. ಡಿಸೆಂಬರದ ರಾತ್ರಿ ಪೂರ್ವದಲ್ಲಿ ಏರಿ ಬರುವದು.

ಇಷ್ಟನ್ನು ಕಂಡ ಮಗುವಿಗೆ ಮುಂದೆ ಭೂಮಿಯ ತಿರುಗುವಿಕೆಯನ್ನು ಹೇಳಿದರೆ ಅದು ನಾಟುವದು. ದೋಣಿಯಲ್ಲಿ ಹೋಗುವವನಿಗೆ ದಂಡೆಯ ಮೇಲಿನ ಸ್ಥಿರ ವಸ್ತುಗಳು ಹಿಂದಕ್ಕೆ ಹೋಗುವಂತೆ ತೋರುವ ದೃಷ್ಟಾಂತವನ್ನು ಆರ್ಯಭಟನು ಕ್ರಿ. ಶ. ೪೯೯ರ ತನ್ನ ಗ್ರಂಥದಲ್ಲಿಯೇ ಕೊಟ್ಟಿದ್ದಾನೆ. ಬೈಲಹೊಂಗಲದಿಂದ ಸವದತ್ತಿಗೆ ಬಸ್ಸಿನಲ್ಲಿ ಹೋಗುವಾಗ ಗಿಡಗಳು ಹಿಂದಕ್ಕೆ ಓಡುವದನ್ನು ಕಂಡ ಮಗುವಿಗೆ ಇದಕ್ಕಿಂತ ಒಳ್ಳೆಯ ಉಪಮೆ ಬೇಕೆ? ಕೋಟಿ ಮೈಲುಗಳ ಲೆಕ್ಕ, ಗ್ರಹಗಳ ತೂಕ ಇವೆಲ್ಲ ಆಮೇಲೆ ಬರಲಿ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಸೂರ್ಯನ ಪಾಠವನ್ನು ನೆರಳಿನಿಂದಲೇ ಕಲಿಸಬೇಕು. ಬಿಂಬವನ್ನು ಬರಿಗಣ್ಣಿನಿಂದಾಗಲಿ, ಮಸಿ ಬಳಿದ ಗಾಜು ಅಥವಾ ಎಕ್ಸರೇ ಹಾಳೆಯಿಂದಾಗಲಿ ನೋಡಗೊಡಬಾರದು. ಕಣ್ಣಿನ ಪಟಲವು ನೋವಿಲ್ಲದೆ ಸುಡುವದು. ಸುಟ್ಟದ್ದು ತಿರುಗಿ ಬರಲಿಕ್ಕಿಲ್ಲ.

ಶಾಲೆಯು ಹತ್ತಕ್ಕೆ ತೆರೆದು ಸಂಜೆಗೆ ಮುಚ್ಚುವದು. ಸೂರ್ಯೋದಯ, ಚಂದ್ರೋದಯ, ನಕ್ಷತ್ರ ಈ ಮೂರೂ ಅದರ ವೇಳೆಯ ಹೊರಗಿನವು. ಎಷ್ಟೇ ಒಳ್ಳೆಯ ಮಾನದಂಡಗಳು ಬಂದರೂ ಈ ಪಾಠದ ಅರ್ಧಭಾಗವು ಮನೆಯ ಅಂಗಳದಲ್ಲಿಯೇ ಆಗತಕ್ಕದ್ದು. ಅದಕ್ಕೆ ದುರ್ಬೀನು ಬೇಡ, ಹಣ ಬೇಡ. ದಿನಕ್ಕೆ ಹತ್ತು ಮಿನಿಟು ಮಗುವಿನ ಪಕ್ಕದಲ್ಲಿ ನಿಲ್ಲುವ ಹಿರಿಯರು ಬೇಕು. ಮಗುವು ಪುಸ್ತಕಕ್ಕೆ ವಿರುದ್ಧವಾಗಿ ಏನಾದರೂ ಹೇಳಿದರೆ ಗದರಿಸಬೇಡಿರಿ. “ಬಾರವ್ವಾ, ನಾಳೆ ಇಬ್ಬರೂ ಕೂಡಿ ನೋಡೋಣ” ಎನ್ನಿರಿ. ಬೇವಿನ ಗಿಡವನ್ನೂ ಗುಡಿಯ ಕಳಸವನ್ನೂ ನೋಡಿಟ್ಟಿದ್ದ ಆ ಹುಡುಗಿಗೆ ನಾವು ಅಂದು ಹೇಳಬೇಕಾಗಿದ್ದ ಮಾತು ಅದೊಂದೇ ಆಗಿದ್ದಿತು.