ಎಡಗಡೆಯ ಸೊನ್ನೆ

ಬ್ರಿಟಿಷರ ದಂಡು ಒಂದು ಕಾಲಕ್ಕೆ ಬೀಡುಬಿಟ್ಟಿದ್ದ ಬಳ್ಳಾರಿಯ ಕಂಟೋನ್ಮೆಂಟಿನಲ್ಲಾಗಲಿ, ನಗರದ ಬೇರಾವ ಬೀದಿಯಲ್ಲಾಗಲಿ, ಲೆಕ್ಕ ಬರೆಯುವವರ ಕಚೇರಿಗೆ ಇಂದು ಹೊಕ್ಕು ನೋಡಿದರೆ, ಸಿರುಗುಪ್ಪದ ಅಕ್ಕಿ ಗಿರಣಿಯಿಂದ, ಕುರುಗೋಡಿನ ಮೆಣಸಿನಕಾಯಿ ವ್ಯಾಪಾರಿಯಿಂದ, ಊರೊಳಗಿನ ಜೀನ್ಸ್ ಹೊಲಿಗೆಯ ಘಟಕದಿಂದ ಕಿರ್ದಿ ಖಾತೆಗಳ ದಪ್ಪ ಪುಸ್ತಕಗಳು ಬರುತ್ತಿದ್ದ ಸ್ಥಾನದಲ್ಲಿ ಎಕ್ಸೆಲ್ ಮತ್ತು ಸಿ.ಎಸ್.ವಿ. ಕಡತಗಳು ಬಂದು ಬೀಳುತ್ತಿರುವುದನ್ನು ಕಾಣಬಹುದು. ಅವುಗಳಲ್ಲಿ ಬ್ಯಾಂಕಿನ ಸ್ಟೇಟ್‌ಮೆಂಟು ಇದ್ದೀತು, ಖರೀದಿಯ ಬಿಲ್ಲುಗಳ ಪಟ್ಟಿ ಇದ್ದೀತು. ಒಂದೊಂದು ಸಾಲನ್ನೂ ಕೈಯಿಂದ ಟೈಪು ಮಾಡುವ ಶ್ರಮವನ್ನು ಉಳಿಸುವುದಕ್ಕಾಗಿ ಆ ಕಡತವನ್ನು ಇಡಿಯಾಗಿ ಟ್ಯಾಲಿಯೊಳಕ್ಕೆ ಇಂಪೋರ್ಟ್ ಮಾಡುವ ಪದ್ಧತಿ ಈಗ ಸಾಮಾನ್ಯವಾಗಿದೆ. 1986ರಲ್ಲಿ ಆರಂಭವಾದ ಬೆಂಗಳೂರಿನ ಸಂಸ್ಥೆಯೊಂದು ರೂಪಿಸಿದ ಈ ತಂತ್ರಾಂಶ ಭಾರತದ ಸಣ್ಣ ವ್ಯಾಪಾರಿಗಳಲ್ಲಿ ಮನೆಮಾತಾಗಿದೆ.

ಶ್ರಮವೇನೋ ಉಳಿಯುತ್ತದೆ. ಆದರೆ ಕಡತದಿಂದ ಕಡತಕ್ಕೆ ದಾಟುವಾಗ ಅಂಕಿಯು ತನ್ನ ರೂಪವನ್ನು ಕಳೆದುಕೊಂಡರೆ ಅದರೊಡನೆ ಅರ್ಥವೂ ಹೋಗುತ್ತದೆಂಬುದನ್ನು ಲೆಕ್ಕ ಬರೆಯುವವರಾಗಲಿ ಬರೆಯಿಸುವವರಾಗಲಿ ಸಾಕಷ್ಟು ಗಮನಿಸಿಲ್ಲವೆಂದು ನನ್ನ ಅಭಿಪ್ರಾಯ.

ಒಣಮೆಣಸಿನಕಾಯಿಯನ್ನೇ ತೆಗೆದುಕೊಳ್ಳೋಣ. ಜಿ.ಎಸ್.ಟಿ. ವ್ಯವಸ್ಥೆಯಲ್ಲಿ ಪ್ರತಿಯೊಂದು ಸರಕಿಗೂ ಎಚ್.ಎಸ್.ಎನ್. ಎಂಬ ಸಂಕೇತಸಂಖ್ಯೆಯುಂಟು, ಮೆಣಸಿನಕಾಯಿ ಸೇರುವ ವರ್ಗದ ಸಂಕೇತ 0904. ಕುರುಗೋಡಿನ ವ್ಯಾಪಾರಿ ಸರಿಯಾಗಿಯೇ ಕಳುಹಿದ ಸಿ.ಎಸ್.ವಿ. ಕಡತವನ್ನು ಗುಮಾಸ್ತನು ಡಬಲ್ ಕ್ಲಿಕ್ ಮಾಡಿ ತೆರೆದೊಡನೆಯೇ ಎಕ್ಸೆಲ್ ಸಾಮಾನ್ಯವಾಗಿ ಆ ಸಂಕೇತವನ್ನು ಎಣಿಕೆಯ ಸಂಖ್ಯೆಯೆಂದು ಭಾವಿಸಿ, ಎಡಗಡೆಯ ಸೊನ್ನೆಗೆ ಬೆಲೆಯಿಲ್ಲವೆಂಬ ಶಾಲೆಯ ಗಣಿತದ ನ್ಯಾಯವನ್ನು ಅನುಸರಿಸಿ, 904 ಎಂದು ತೋರಿಸುತ್ತದೆ. ಆ ಕಡತವನ್ನು ಉಳಿಸಿದರೆ ಸೊನ್ನೆ ಶಾಶ್ವತವಾಗಿ ಹೋಯಿತು. ದೆಹಲಿಯ ರಾಜ್ಯಸಂಕೇತವಾದ 07 ಕೂಡ ಇದೇ ರೀತಿ ಬರಿಯ 7 ಆಗುತ್ತದೆ. ಕರ್ನಾಟಕದ 29ಕ್ಕೂ ಆಂಧ್ರದ 37ಕ್ಕೂ ಈ ಭಯವಿಲ್ಲ. ಇವೆಲ್ಲ ಕೂಡುವುದಕ್ಕೂ ಕಳೆಯುವುದಕ್ಕೂ ಇರುವ ಸಂಖ್ಯೆಗಳಲ್ಲ, ಅಂಕಿಗಳಲ್ಲಿ ಬರೆದ ಹೆಸರುಗಳು. ಹನ್ನೆರಡು ಅಂಕಿಯ ಇ-ವೇ ಬಿಲ್ಲಿನ ಸಂಖ್ಯೆಯನ್ನು ಎಕ್ಸೆಲ್ ನಡುವೆ ‘ಇ’ ಅಕ್ಷರವಿಟ್ಟು ಸಂಕ್ಷೇಪಿಸಿ ತೋರಿಸುತ್ತದೆ. ಹದಿನಾರು ಅಂಕಿಯ ಖಾತೆಯ ಸಂಖ್ಯೆಯಾದರೆ, ಹದಿನೈದಕ್ಕಿಂತ ಹೆಚ್ಚು ಅಂಕಿಗಳನ್ನು ಅದು ನೆನಪಿಡಲಾರದಾದ ಕಾರಣ, ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ. ಹಾಗೆ ಹೋದುದನ್ನು ಮೂಲ ಕಡತವನ್ನು ನೋಡದೆ ಮರಳಿ ತರುವ ಉಪಾಯವಿಲ್ಲ.

ಎಲ್ಲಕ್ಕಿಂತ ಅಪಾಯಕರವಾದದ್ದು ದಿನಾಂಕ. 03-04-2024 ಎಂದು ಬರೆದರೆ ನಮಗೆ ಅದು ಏಪ್ರಿಲ್ ಮೂರು. ಗಣಕದ ಸೆಟ್ಟಿಂಗ್ ಅಮೆರಿಕದ ಕ್ರಮದಲ್ಲಿದ್ದರೆ ಅದು ಮಾರ್ಚ್ ನಾಲ್ಕು. ಒಂದು ತಿಂಗಳ ವ್ಯತ್ಯಾಸವೆಂದು ಇದನ್ನು ಕಡೆಗಣಿಸುವಂತಿಲ್ಲ, ಏಕೆಂದರೆ ಮಾರ್ಚಿಗೂ ಏಪ್ರಿಲಿಗೂ ನಡುವೆ ನಮ್ಮ ಆರ್ಥಿಕ ವರ್ಷದ ಗಡಿಯಿದೆ: ಹೊಸ ವರ್ಷದ ಭತ್ತದ ಖರೀದಿಯು ಮುಗಿದುಹೋದ ವರ್ಷದ ಲೆಕ್ಕಕ್ಕೆ ಸೇರಿ, ದಾಸ್ತಾನು, ಲಾಭ, ತೆರಿಗೆ ಮೂರನ್ನೂ ಕೆಡಿಸುತ್ತದೆ. ಅದೇ ಪಟ್ಟಿಯಲ್ಲಿ 25-04-2024 ಎಂಬ ದಿನಾಂಕವಿದ್ದರೆ, ಇಪ್ಪತ್ತೈದನೆಯ ತಿಂಗಳೆಂಬುದು ಇಲ್ಲವಾದ್ದರಿಂದ, ಎಕ್ಸೆಲ್ ಅದನ್ನು ಮುಟ್ಟದೆ ಬರಿಯ ಅಕ್ಷರವೆಂದು ಬಿಟ್ಟುಬಿಡುತ್ತದೆ. ಹೀಗೆ ತಿಂಗಳ ಮೊದಲ ಹನ್ನೆರಡು ದಿನಗಳ ವ್ಯವಹಾರ ತಿರುಗುಮುರುಗಾಗಿ, ಉಳಿದ ದಿನಗಳದು ನೆಟ್ಟಗೇ ಇದ್ದು, ಪಟ್ಟಿಯ ಕೆಳಭಾಗವನ್ನಷ್ಟೇ ನೋಡಿದವನಿಗೆ ಎಲ್ಲವೂ ಸರಿಯಾಗಿದೆಯೆಂಬ ಭ್ರಮೆ ಹುಟ್ಟುತ್ತದೆ. ಇಡೀ ಪಟ್ಟಿಯೇ ಕೆಟ್ಟಿದ್ದರೆ ಕಣ್ಣಿಗಾದರೂ ಬೀಳುತ್ತಿತ್ತು.

ಜೀನ್ಸ್ ವ್ಯಾಪಾರದ ಸಂಕಟ ಇನ್ನೊಂದು ಬಗೆಯದು. ಮಕ್ಕಳ ಪ್ಯಾಂಟಿನ ಅಳತೆಯನ್ನು 10-12 ಎಂದು ಬರೆದಿದ್ದರೆ ಅದನ್ನೂ ಎಕ್ಸೆಲ್ ದಿನಾಂಕವೆಂದು ತಿಳಿಯುತ್ತದೆ. ಬಿಲ್ಲಿನ ಸಂಖ್ಯೆಯನ್ನು 5/24 ಎಂದು ಕೊಟ್ಟಿದ್ದರೆ ಅದಕ್ಕೂ ಅದೇ ಗತಿ. ವಿಜ್ಞಾನಿಗಳೂ ಈ ಬಾಧೆಗೆ ಹೊರತಾಗಲಿಲ್ಲ. ಮಾರ್ಚ್1 ಎಂಬ ಹೆಸರಿನ ಮಾನವ ವಂಶವಾಹಿಯು ಪಟ್ಟಿಗಳಲ್ಲಿ ಪದೇಪದೇ ಮಾರ್ಚ್ ತಿಂಗಳ ಒಂದನೆಯ ತಾರೀಖಾಗಿ ಮಾರ್ಪಡುತ್ತಿದ್ದ ಕಾರಣ, ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು 2020ರಲ್ಲಿ ಅಂಥ ಹೆಸರುಗಳನ್ನು ಬದಲಿಸಿದ್ದನ್ನು ಪ್ರಕಟಿಸಬೇಕಾಯಿತು.

ರೂಪಾಂತರದಲ್ಲಿ ಏನೋ ಒಂದಿಷ್ಟು ಸೋರಿಹೋಗುವುದು ಗಣಕದೊಡನೆ ಹುಟ್ಟಿದ ವಿಷಯವೇನೂ ಅಲ್ಲ. 1957ರ ಏಪ್ರಿಲ್ 1ರಂದು ಆಣೆ ಪೈಗಳ ಲೆಕ್ಕ ಹೋಗಿ ನಯಾಪೈಸೆ ಬಂದಾಗ, ಒಂದು ಆಣೆಗೆ ಆರೂಕಾಲು ನಯಾಪೈಸೆಯಾಗಬೇಕಾದಲ್ಲಿ ಪರಿವರ್ತನೆಯ ಪಟ್ಟಿಯಲ್ಲಿ ಆರು ಎಂದಿತ್ತು, ನಾಲ್ಕು ಆಣೆಗೆ ಮಾತ್ರ ಇಪ್ಪತ್ತೈದು ಪೂರ್ಣವಾಗಿ ದೊರೆಯುತ್ತಿತ್ತು. ಆದರೆ ಆ ಪಟ್ಟಿ ಎಲ್ಲರೆದುರಿಗೆ ಇದ್ದುದರಿಂದ ಕಾಲು ನಯಾಪೈಸೆ ಎಲ್ಲಿ ಹೋಯಿತೆಂಬುದನ್ನು ಅಂಗಡಿಯವನೂ ಗಿರಾಕಿಯೂ ಸಮಾನವಾಗಿ ಬಲ್ಲವರಾಗಿದ್ದರು. ಇಂದಿನ ಪರಿವರ್ತನೆ ಬಹುಮಟ್ಟಿಗೆ ಯಾರನ್ನೂ ಕೇಳದೆ, ಯಾರಿಗೂ ಹೇಳದೆ ನಡೆಯುತ್ತದೆ. ನನ್ನ ಆಕ್ಷೇಪ ಇರುವುದು ಮುಖ್ಯವಾಗಿ ಇಲ್ಲಿ.

ಪರಿಹಾರ ಕಠಿನವಾದದ್ದಲ್ಲ. ಸಿ.ಎಸ್.ವಿ. ಕಡತವನ್ನು ಡಬಲ್ ಕ್ಲಿಕ್ಕಿನಿಂದ ತೆರೆಯಬಾರದು. ಎಕ್ಸೆಲ್‌ನ ಡೇಟಾ ಎಂಬ ವಿಭಾಗದಿಂದ ಅದನ್ನು ಒಳಕ್ಕೆ ತಂದು, ಸಂಕೇತ, ಖಾತೆಯ ಸಂಖ್ಯೆ, ಬಿಲ್ಲಿನ ಸಂಖ್ಯೆ ಇವುಗಳ ಕಾಲಂಗಳನ್ನು ಟೆಕ್ಸ್ಟ್ ಎಂದೂ, ದಿನಾಂಕದ ಕಾಲಮನ್ನು ದಿನ-ತಿಂಗಳು-ವರ್ಷದ ಕ್ರಮವೆಂದೂ ಮೊದಲೇ ಗೊತ್ತುಪಡಿಸತಕ್ಕದ್ದು. ನುಡಿ ಅಥವಾ ಬರಹದ ಹಳೆಯ ಅಕ್ಷರಗಳಲ್ಲಿ ಪಾರ್ಟಿಗಳ ಹೆಸರನ್ನು ಬರೆದಿಟ್ಟವರು ಅದನ್ನು ಯೂನಿಕೋಡಿಗೆ ಬದಲಿಸಿಕೊಂಡೇ ಮುಂದುವರಿಯಬೇಕು, ಇಲ್ಲವಾದರೆ ಹೆಸರಿನ ಜಾಗದಲ್ಲಿ ರೋಮನ್ ಅಕ್ಷರಗಳ ಗೊಂದಲ ಬಂದು ಕೂರುತ್ತದೆ. ಮೊತ್ತದ ಮುಂದೆ ಜಮಾ ನಾವೆಗಳ ಗುರುತು ಅಂಟಿಕೊಂಡಿದ್ದರೆ ಎಕ್ಸೆಲ್ ಅದನ್ನು ಅಕ್ಷರವೆಂದೆಣಿಸಿ ಒಟ್ಟು ಮಾಡುವಾಗ ಬಿಟ್ಟುಬಿಡುವುದರಿಂದ, ಗುರುತಿಗೆ ಬೇರೆಯೇ ಕಾಲಂ ಮಾಡುವುದು ಕ್ಷೇಮ.

ಟ್ಯಾಲಿಯ ಬ್ಯಾಕಪ್ ತೆಗೆದಿಟ್ಟುಕೊಂಡು, ನಾಲ್ಕಾರು ವೋಚರುಗಳನ್ನು ಮೊದಲು ಪರೀಕ್ಷೆಗಾಗಿ ತಂದು ನೋಡಿ, ಬಳಿಕ ಉಳಿದುದನ್ನು ತರಬೇಕು. ತಂದಮೇಲೆ ಸಾಲುಗಳ ಸಂಖ್ಯೆ, ಜಮಾ ನಾವೆಗಳ ಮೊತ್ತ, ಮೊದಲ ಹಾಗೂ ಕಡೆಯ ದಿನಾಂಕ, ಬ್ಯಾಂಕಿನ ಅಖೈರು ಶಿಲ್ಕು ಇವಿಷ್ಟನ್ನು ಮೂಲದೊಡನೆ ತಾಳೆ ನೋಡಬೇಕು. ಆ ಮೂಲ ಕಡತವನ್ನು ತಿದ್ದದೆ ಪ್ರತ್ಯೇಕವಾಗಿ ಇರಿಸುವುದು ಅವಶ್ಯ, ಜಿ.ಎಸ್.ಟಿ. ಕಾಯಿದೆಯ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಕಾಪಾಡಿಕೊಂಡು ಬರಬೇಕಾಗಿರುವಾಗ, ಅಷ್ಟು ವರ್ಷಗಳ ಮೇಲೆ ಯಾವುದೋ ಒಂದು ಬಿಲ್ಲಿನ ದಿನಾಂಕವನ್ನು ಅಧಿಕಾರಿ ಪ್ರಶ್ನಿಸಿದರೆ ತೋರಿಸುವುದಕ್ಕೆ ಅದೊಂದೇ ಆಧಾರ.