ತಿಂಗಳಿಗೆ ಎಷ್ಟಂತೆ?

ಅಕ್ಕನ ಮಗ ಭಾನುವಾರ ಬೆಳಿಗ್ಗೆ ವಾಟ್ಸಾಪಿನಲ್ಲಿ ಎರಡು ಪಿಡಿಎಫ್ ಕಳಿಸಿದ. ‘ಮಾಮ, ಪುರುಸೊತ್ತಾದಾಗ ಓದಿಟ್ಟಿರಿ, ಸಂಜೆ ಬರ್ತೀನಿ.’ ಅವನು ಏರ್‌ಬಸ್ 320 ಹಾರಿಸುವ ಕ್ಯಾಪ್ಟನ್. ಒಂದು ಪತ್ರ ಕೊಲ್ಲಿಯ ವಿಮಾನ ಕಂಪನಿಯದ್ದು, ಇನ್ನೊಂದು ಆಗ್ನೇಯ ಏಷ್ಯಾದ ಕಂಪನಿಯೊಂದಕ್ಕೆ ಪೈಲಟ್‌ಗಳನ್ನು ಒದಗಿಸುವ ಏಜೆನ್ಸಿಯದ್ದು. ಸಂಜೆ ಅವನಿಗಿಂತ ಮೊದಲು ಅಕ್ಕನೇ ಬಂದಳು. ಚಪ್ಪಲಿ ಬಿಡುತ್ತಲೇ ಕೇಳಿದಳು: ‘ಓದಿದ್ಯೇನೋ? ತಿಂಗಳಿಗೆ ಎಷ್ಟಂತೆ?’

ನನಗೆ ಥಟ್ಟನೆ ಉತ್ತರ ಹೇಳಲಾಗಲಿಲ್ಲ. ಸಂಬಳದ ಅಂಕಿ ಎರಡೂ ಪತ್ರಗಳ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿತ್ತು. ಉಳಿದ ಪುಟಗಳೆಲ್ಲ ಆ ಅಂಕಿ ಯಾವಾಗ ಕೈಗೆ ಬರುತ್ತದೆ, ಯಾವಾಗ ಬರುವುದಿಲ್ಲ, ಬಂದದ್ದರಲ್ಲಿ ಎಷ್ಟನ್ನು ಹಿಂದಿರುಗಿಸಬೇಕಾದೀತು ಎನ್ನುವುದಕ್ಕೇ ಮೀಸಲು.

ಮೊದಲು ನೋಡಬೇಕಾದ್ದು ಕೊನೆಯ ಪುಟದ ಸಹಿ. ಕೊಲ್ಲಿಯ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ನೇರವಾಗಿ ನೇಮಿಸಿಕೊಳ್ಳುತ್ತವೆ. ಪೈಲಟ್ ಅಲ್ಲೇ ಹೋಗಿ ನೆಲೆಸಬೇಕು. ವೀಸಾ, ಮನೆ ಇಲ್ಲವೇ ಮನೆ ಭತ್ಯೆ, ಮಕ್ಕಳ ಶಾಲೆಯ ಫೀಸಿಗೆ ಒಂದಿಷ್ಟು, ವರ್ಷಕ್ಕೊಮ್ಮೆ ಊರಿಗೆ ಟಿಕೆಟ್, ಎಲ್ಲ ಅದರಲ್ಲೇ ಬರುತ್ತದೆ. ಏಜೆನ್ಸಿಯ ದಾರಿ ಬೇರೆ. ವಿಮಾನ ಒಂದು ದೇಶದ ಕಂಪನಿಯದ್ದು, ಸಂಬಳ ಹಾಕುವ ಏಜೆನ್ಸಿ ಇನ್ನೊಂದು ದೇಶದಲ್ಲಿ ನೋಂದಣಿಯಾದದ್ದು, ಹಾರಿಸುವವನು ಮೂರನೆಯ ದೇಶದವನು. ಕಾಗದದ ಮೇಲೆ ಅವನು ನೌಕರನೇ ಅಲ್ಲ, ‘ಸ್ವತಂತ್ರ ಗುತ್ತಿಗೆದಾರ’. ಹಾಗಾಗಿ ಪಿಎಫ್ ಇಲ್ಲ, ಗ್ರಾಚುಯಿಟಿ ಇಲ್ಲ, ಕಾಯಿಲೆ ಬಿದ್ದರೆ ಸಂಬಳದ ರಜೆ ಎಷ್ಟು ದಿನ ಎಂಬುದು ಪತ್ರದಲ್ಲಿ ಬರೆದಷ್ಟೇ. ತಕರಾರು ಬಂದರೆ ಏಜೆನ್ಸಿ ಹೆಸರಿಸಿದ ದೇಶದ ಕೋರ್ಟಿನಲ್ಲಿ ಹೋರಾಡಬೇಕು. ಕಟ್ಟಡದ ಕೆಲಸಕ್ಕೆ ಆಳು ಕರೆತರುವ ನಮ್ಮ ಮೇಸ್ತ್ರಿ ಪದ್ಧತಿಯೇ ಇದು. ಕೋಟು, ಟೈ ಹಾಕಿಕೊಂಡಿದೆ ಅಷ್ಟೆ.

ಇದು ಬಡ ದೇಶಗಳ ಕಥೆ ಎಂದುಕೊಳ್ಳಬೇಡಿ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯ 2015ರಲ್ಲಿ ಯುರೋಪಿನ ಆರು ಸಾವಿರಕ್ಕೂ ಹೆಚ್ಚು ಪೈಲಟ್‌ಗಳನ್ನು ವಿಚಾರಿಸಿದಾಗ, ಆರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಏಜೆನ್ಸಿಯ ಮೂಲಕವೋ, ಸ್ವಉದ್ಯೋಗಿ ಎಂಬ ಹೆಸರಿನಲ್ಲೋ, ಹಾರಿಸಿದಷ್ಟಕ್ಕೇ ದುಡ್ಡು ಎಂಬ ಕರಾರಿನಲ್ಲೋ ದುಡಿಯುತ್ತಿದ್ದರು. ಅಗ್ಗದ ಟಿಕೆಟಿನ ಕಂಪನಿಗಳಲ್ಲಿ ಇಂಥವರು ಹೆಚ್ಚು.

ಇನ್ನು ದುಡ್ಡಿನ ವಿಷಯ. ಪೈಲಟ್‌ನ ಸಂಬಳದಲ್ಲಿ ಎರಡು ಭಾಗ. ಒಂದು, ಹಾರಿಸಲಿ ಬಿಡಲಿ ಬರುವ ಮೂಲವೇತನ. ಇನ್ನೊಂದು, ಗಂಟೆ ಲೆಕ್ಕದ ಹಾರಾಟದ ಹಣ. ಈ ಗಂಟೆ ನಮ್ಮ ನಿಮ್ಮ ಗಡಿಯಾರದ ಗಂಟೆಯಲ್ಲ, ‘ಬ್ಲಾಕ್ ಅವರ್’. ವಿಮಾನ ಹೊರಡಲೆಂದು ನಿಂತ ಜಾಗದಿಂದ ಮೊದಲು ಕದಲಿದಾಗ ಶುರು, ಇಳಿದು ಬಂದು ತನ್ನ ಜಾಗದಲ್ಲಿ ಪೂರ್ತಿ ನಿಂತಾಗ ಮುಕ್ತಾಯ.

ಒಂದು ದಿನವನ್ನು ಹತ್ತಿರದಿಂದ ನೋಡೋಣ. ಬೆಳಗಿನ ಜಾವ ಮೂರಕ್ಕೆ ಅಲಾರಂ. ನಾಲ್ಕೂವರೆಗೆ ವಿಮಾನ ನಿಲ್ದಾಣದಲ್ಲಿ ಹಾಜರಿ, ಉಸಿರಿನ ಪರೀಕ್ಷೆ, ಹವಾಮಾನ ಮತ್ತು ಇಂಧನದ ಕಾಗದ. ಐದೂವರೆಗೆ ವಿಮಾನ ಕದಲುತ್ತದೆ. ಲೆಕ್ಕ ಶುರುವಾಗುವುದು ಅಲ್ಲಿಂದ. ಎರಡೂವರೆ ಗಂಟೆ ಹಾರಿ ಇಳಿದರೆ ಲೆಕ್ಕ ನಿಂತಿತು. ಮುಂದಿನ ಹಾರಾಟಕ್ಕೆ ಒಂದು ಗಂಟೆ ಇದೆ ಎಂದುಕೊಂಡರೆ, ಮಂಜಿನಿಂದಾಗಿ ಮೂರು ಗಂಟೆ ತಡ. ಸಮವಸ್ತ್ರದಲ್ಲೇ, ಕುರ್ಚಿಯಲ್ಲೇ ಕೂತಿರಬೇಕು, ದುಡ್ಡಿಲ್ಲ. ಮತ್ತೆ ಎರಡೂವರೆ ಗಂಟೆ ಹಾರಿ ವಾಪಸ್. ಮನೆ ಸೇರುವಾಗ ಮಧ್ಯಾಹ್ನ ಮೂರು ದಾಟಿದರೂ ಲೆಕ್ಕಕ್ಕೆ ಸಿಕ್ಕಿದ್ದು ಐದು ಗಂಟೆ. ಪ್ರಯಾಣಿಕನಾಗಿ ಬೇರೆ ಊರಿಗೆ ಹೋಗಿ ಅಲ್ಲಿಂದ ಹಾರಿಸುವುದಿದ್ದರೆ ಆ ಪ್ರಯಾಣಕ್ಕೆ ಕೆಲವರು ಅರ್ಧ ಹಣ ಕೊಡುತ್ತಾರೆ, ಕೆಲವರು ಏನೂ ಕೊಡುವುದಿಲ್ಲ. ಸೂಟ್‌ಕೇಸ್ ಸಿದ್ಧ ಮಾಡಿಕೊಂಡು ಫೋನ್ ಕಾಯುವ ಸ್ಟ್ಯಾಂಡ್‌ಬೈ ದಿನಗಳಿಗೂ ಇದೇ ಗತಿ. ಹೀಗಾಗಿ ಗಂಟೆಯ ದರಕ್ಕಿಂತ ‘ಖಾತರಿ ಗಂಟೆ’ ಮುಖ್ಯ: ಹಾರಾಟ ಕಡಿಮೆಯಾದರೂ ತಿಂಗಳಿಗೆ ಇಷ್ಟು ಗಂಟೆಯ ಹಣ ಬಂದೇ ಬರುತ್ತದೆ ಎಂಬ ಮಾತು. ಅದು ಇಲ್ಲದ ಕರಾರು ಮಳೆ ನಂಬಿದ ಬೇಸಾಯ.

ಏಜೆನ್ಸಿಯ ಪತ್ರದಲ್ಲಿ ಒಂದು ಆಕರ್ಷಕ ಸಾಲಿತ್ತು: ತಿಂಗಳಿಗೆ 80 ಗಂಟೆ ದಾಟಿದರೆ ಒಂದೂವರೆ ಪಟ್ಟು ಹಣ. ಕೇಳಲು ಚೆನ್ನ. ಆದರೆ ಹಾರಾಟದ ಗಂಟೆಗೆ ಕಾನೂನಿನ ಮಿತಿ ಇದೆ. ಯುರೋಪಿನ ನಿಯಮದಲ್ಲಿ ಒಂದು ಕ್ಯಾಲೆಂಡರ್ ವರ್ಷಕ್ಕೆ 900 ಗಂಟೆ, 28 ದಿನಕ್ಕೆ 100 ಗಂಟೆ. ಬೇರೆ ಹಲವು ದೇಶಗಳ ಮಿತಿಯೂ ಇದರ ಆಸುಪಾಸಿನಲ್ಲೇ. 900ನ್ನು ಹನ್ನೆರಡರಿಂದ ಭಾಗಿಸಿದರೆ 75. ಅಲ್ಲೇ ನೆಲೆಸಿ ವರ್ಷವಿಡೀ ಹಾರಿಸುವವನು ಕೆಲವು ತಿಂಗಳು 80 ದಾಟಬಹುದು. ಮುಂದೆ ಕಂಪನಿಯೇ ಅವನ ರೋಸ್ಟರ್ ಇಳಿಸಬೇಕಾಗುತ್ತದೆ. ಆ ಒಂದೂವರೆ ಪಟ್ಟನ್ನು ನಂಬಿ ಯಾರೂ ಸೈಟಿಗೆ ಅಡ್ವಾನ್ಸ್ ಕೊಡಬಾರದು.

ಏಜೆನ್ಸಿ ಕರಾರುಗಳಲ್ಲಿ ಪೈಲಟ್‌ಗಳು ಮೊದಲು ಕೇಳುವುದು ಗಂಟೆಯನ್ನಲ್ಲ, ದಿನವನ್ನು. ‘ಸಿಕ್ಸ್-ತ್ರೀ’ ಎಂದರೆ ಆರು ವಾರ ಕೆಲಸ, ಮೂರು ವಾರ ಮನೆ. ‘ಫೋರ್-ಫೋರ್’ ಎಂದರೆ ನಾಲ್ಕು ವಾರ ಅಲ್ಲಿ, ನಾಲ್ಕು ವಾರ ಇಲ್ಲಿ, ಸಂಬಳವೂ ಅದಕ್ಕೆ ತಕ್ಕಂತೆ ಕಡಿಮೆ. ಮನೆಯ ದಿನಗಳು ಬಹುಪಾಲು ಕರಾರುಗಳಲ್ಲಿ ವಾರ್ಷಿಕ ರಜೆಯನ್ನೂ ನುಂಗಿರುತ್ತವೆ. ಹೋಗಿಬರುವ ದಿನಗಳು ಯಾರ ಖಾತೆಗೆ ಎಂದು ಕೇಳದಿದ್ದರೆ ಅವೂ ಮನೆಯ ದಿನಗಳಿಂದಲೇ ಹೋಗುತ್ತವೆ. ಎರಡು ವಿಮಾನ ಬದಲಿಸಿ ಬರಬೇಕಾದವನಿಗೆ ಮೂರು ವಾರ ಎಂದರೆ ಹತ್ತೊಂಬತ್ತು ದಿನ, ಅದರಲ್ಲಿ ಮೊದಲ ಮೂರು ನಿದ್ದೆಗೆ.

ಇಲ್ಲೊಂದು ಲೆಕ್ಕ ಭಾರತದವರಿಗೇ ವಿಶೇಷ. ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿ ಇದ್ದರೆ ನಿವಾಸಿ, ಆಗ ಸಾಮಾನ್ಯವಾಗಿ ಹೊರಗೆ ಗಳಿಸಿದ್ದಕ್ಕೂ ಇಲ್ಲಿ ತೆರಿಗೆ. ಸಿಕ್ಸ್-ತ್ರೀಯಲ್ಲಿ ಮನೆಯ ದಿನಗಳು ವರ್ಷಕ್ಕೆ ಸುಮಾರು 121. ತೊಂದರೆಯಿಲ್ಲ. ಫೋರ್-ಫೋರ್‌ನಲ್ಲಿ? 365ರ ಅರ್ಧ, 182 ಮತ್ತು ಅರ್ಧ! ಸರಿಯಾಗಿ ಗೆರೆಯ ಮೇಲೆ. ಒಂದು ವಿಮಾನ ರದ್ದಾಗಿ ಮನೆಯಲ್ಲೇ ಎರಡು ದಿನ ಹೆಚ್ಚು ಉಳಿದರೂ ಲೆಕ್ಕ ಬುಡಮೇಲು. ಬಂದ ದಿನ, ಹೋದ ದಿನವನ್ನು ಎಣಿಸಬೇಕೇ ಎಂಬುದೇ ತಕರಾರಿನ ವಿಷಯ. ದುಡಿಯುವ ದೇಶದಲ್ಲಿ ತೆರಿಗೆ ಕಟ್ಟಿದ್ದರೆ ಒಪ್ಪಂದವಿರುವ ಕಡೆ ಅದನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಬಹುದು. ವೇತನಕ್ಕೆ ತೆರಿಗೆಯೇ ಇಲ್ಲದ ಕೊಲ್ಲಿಯ ದುಡ್ಡಾದರೆ ಕಳೆಯಲು ಏನಿದೆ? ಊರಿನಲ್ಲಿ ಬಾಡಿಗೆ, ಬಡ್ಡಿ ಎಂದು ವರ್ಷಕ್ಕೆ 15 ಲಕ್ಷಕ್ಕಿಂತ ಹೆಚ್ಚು ಬರುವವರಿಗೆ 2020ರಿಂದ ಇನ್ನಷ್ಟು ಬಿಗಿ ನಿಯಮಗಳಿವೆ. ಸಹಿ ಹಾಕುವ ಮೊದಲು ಆಡಿಟರ್‌ಗೆ ಒಂದು ಗಂಟೆಯ ಫೀಸು ಕೊಡುವುದು ಅಗ್ಗ.

ಲೈಸೆನ್ಸು, ವೈದ್ಯಕೀಯ ಪರೀಕ್ಷೆ, ಸಿಮ್ಯುಲೇಟರ್ ಪರೀಕ್ಷೆಗಳ ವಿಚಾರ ಇಷ್ಟೇ: ಮತ್ತೊಂದು ದೇಶ ನಮ್ಮ ಲೈಸೆನ್ಸನ್ನು ಹಾಗೆಯೇ ಒಪ್ಪುವುದಿಲ್ಲ. ಮಾನ್ಯ ಮಾಡುವುದೋ, ಹೊಸದಾಗಿ ಪರೀಕ್ಷೆ ಬರೆಸುವುದೋ ಮಾಡುತ್ತದೆ. ಅದಕ್ಕೆ ತಿಂಗಳುಗಳು ಹಿಡಿದರೆ ಆ ಅವಧಿಗೆ ಸಂಬಳ ಉಂಟೇ ಎಂದು ಕೇಳಬೇಕು. ಹೊಸ ಮಾದರಿಯ ವಿಮಾನಕ್ಕೆ ತರಬೇತಿ ಕೊಟ್ಟರೆ ಬಾಂಡ್ ಇರುತ್ತದೆ. ಅವಧಿಗೆ ಮುಂಚೆ ಬಿಟ್ಟರೆ ತರಬೇತಿಯ ಖರ್ಚು ಪೈಲಟ್ ಕಟ್ಟಬೇಕು. ಮೆಡಿಕಲ್‌ನಲ್ಲಿ ಫೇಲಾದರೆ ಬಾಂಡ್ ಮನ್ನಾ ಆಗುತ್ತದೋ ಇಲ್ಲವೋ ಎಂಬುದು ಬಹಳ ಜನ ಓದದೆ ಬಿಡುವ ಸಾಲು.

ದಣಿವಿನ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ಇದು ದೂರದ ಮಾತಲ್ಲ, ಮಂಗಳೂರಿನಲ್ಲೇ ಕಂಡದ್ದು. ಮೊದಲು ಅದರ ಹಿನ್ನೆಲೆ. 2003ರ ನಂತರ ಅಗ್ಗದ ವಿಮಾನಯಾನ ಶುರುವಾದಾಗ ನಮ್ಮಲ್ಲಿ ವಿಮಾನಗಳು ಬಂದಷ್ಟು ಬೇಗ ಕ್ಯಾಪ್ಟನ್‌ಗಳು ತಯಾರಾಗಲಿಲ್ಲ. ಬೆಂಗಳೂರು ಮೂಲದ ಏರ್ ಡೆಕ್ಕನ್, ಕಿಂಗ್‌ಫಿಷರ್ ಸೇರಿದಂತೆ ಹಲವು ಕಂಪನಿಗಳು ವಿಮಾನಯಾನ ನಿಯಂತ್ರಕ ಡಿಜಿಸಿಎಯ ತಾತ್ಕಾಲಿಕ ಅನುಮತಿಯ ಮೇಲೆ ವಿದೇಶಿ ಕ್ಯಾಪ್ಟನ್‌ಗಳನ್ನು ಕರೆಸಿಕೊಂಡವು. ಆಗ ಪರದೇಶದ ಕರಾರಿನ ಪೈಲಟ್ ಎಂದರೆ ನಮ್ಮಲ್ಲಿಗೆ ಬಂದವನು.

2010ರ ಮೇ 22ರ ಬೆಳಿಗ್ಗೆ ಆರರ ಸುಮಾರಿಗೆ ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಕ್ಯಾಪ್ಟನ್ ಸರ್ಬಿಯಾ ಮೂಲದವರು. 166 ಜನರಲ್ಲಿ ಉಳಿದದ್ದು ಎಂಟು. ಅದೇ ಸಿಬ್ಬಂದಿ ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಹೋಗಿ ಅದೇ ರಾತ್ರಿ ಮರಳುತ್ತಿದ್ದರು. ಕಾಕ್‌ಪಿಟ್‌ನ ಧ್ವನಿಮುದ್ರಿಕೆಯಲ್ಲಿ ಸುಮಾರು ಎರಡು ಗಂಟೆಯ ದಾಖಲೆ ಸಿಕ್ಕಿತು. ಅದರಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು, ಗೊರಕೆಯೂ ಕೇಳುತ್ತದೆ ಎಂದು ತನಿಖಾ ವರದಿ ಹೇಳಿತು. ಎದ್ದ ಮೇಲೂ ಬಿಡದ ನಿದ್ದೆಯ ಮಂಪರಿನಲ್ಲಿ ವಿಮಾನವನ್ನು ಮಿತಿಗಿಂತ ಎತ್ತರದಿಂದ ಇಳಿಸಹೋದರು; ಇಳಿಸಬೇಡಿ, ಮೇಲಕ್ಕೇರಿ ಮತ್ತೊಂದು ಸುತ್ತು ಬನ್ನಿ ಎಂದು ಪಕ್ಕದ ಫಸ್ಟ್ ಆಫೀಸರ್ ಪದೇಪದೇ ಹೇಳಿದ್ದೂ ಮುದ್ರಣವಾಗಿದೆ. ವಿದೇಶಿಯನಾಗಿದ್ದಕ್ಕೆ ಹೀಗಾಯಿತು ಎಂದು ಆಗ ಊರೆಲ್ಲ ಮಾತಾಡಿತು. ನಾನು ಹಾಗೆ ಓದುವುದಿಲ್ಲ. ನಡುರಾತ್ರಿ ಕಳೆದು ಮುಂಜಾವು ಹರಿಯುವ ಹೊತ್ತಿಗೆ ಮನುಷ್ಯನ ದೇಹ ತಳ ಮುಟ್ಟಿರುತ್ತದೆ, ಪಾಸ್‌ಪೋರ್ಟ್ ಯಾವ ದೇಶದ್ದಾದರೂ. ಅದಕ್ಕೇ ಕರಾರಿನಲ್ಲಿ ‘ವಾರಕ್ಕೆ ಎಷ್ಟು ರಾತ್ರಿ’ ಎಂಬುದು ಸಂಬಳದಷ್ಟೇ ತೂಕದ ಪ್ರಶ್ನೆ.

ವಿಶ್ರಾಂತಿ ಕಂಪನಿಗಳಿಗೆ ದುಬಾರಿ. ನಮ್ಮಲ್ಲಿ ಡಿಜಿಸಿಎ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ, ರಾತ್ರಿಯ ಇಳಿಯುವಿಕೆಯನ್ನು ಆರರಿಂದ ಎರಡಕ್ಕೆ ಇಳಿಸಿದ ನಿಯಮ 2025ರಲ್ಲಿ ಎರಡು ಹಂತವಾಗಿ ಜಾರಿಗೆ ಬಂತು. ಅದಕ್ಕೆ ತಕ್ಕಷ್ಟು ಪೈಲಟ್‌ಗಳಿಲ್ಲದೆ ಆ ಡಿಸೆಂಬರಿನಲ್ಲಿ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದದ್ದು ನೆನಪಿರಬಹುದು.

ಇನ್ನು ಕರಾರು ಮುಗಿಯುವ ಬಗೆ. 2010ರ ದಶಕದ ನಡುವೆ ಚೀನಾ ವಿದೇಶಿ ಕ್ಯಾಪ್ಟನ್‌ಗಳಿಗೆ ವರ್ಷಕ್ಕೆ 3 ಲಕ್ಷ ಡಾಲರ್ ದಾಟಿದ ಸಂಬಳ ತೋರಿಸುತ್ತಿತ್ತು, ಅದೂ ತೆರಿಗೆ ಕಳೆದು. ಅಲ್ಲಿ ಹಾರಿಸಿ ಬಂದವರು ವೈದ್ಯಕೀಯ ಪರೀಕ್ಷೆಯ ಕಟ್ಟುನಿಟ್ಟಿನ ಬಗ್ಗೆ, ವಿಮಾನದ ದತ್ತಾಂಶದಲ್ಲಿ ಚೂರು ಏರುಪೇರು ಕಂಡರೂ ಬೀಳುವ ದಂಡದ ಬಗ್ಗೆ ಕಥೆ ಹೇಳುತ್ತಾರೆ. ಕೊರೊನಾ ಬಂದದ್ದೇ ತಡ, 2020ರ ಫೆಬ್ರುವರಿಯಲ್ಲಿ ಮೊದಲು ಸಂಬಳವಿಲ್ಲದ ರಜೆಗೆ ಹೋದವರು ಈ ವಿದೇಶಿ ಕ್ಯಾಪ್ಟನ್‌ಗಳೇ. ನೇರ ನೇಮಕಾತಿಯವರೂ ಪಾರಾಗಲಿಲ್ಲ. ಎಮಿರೇಟ್ಸ್ ಆ ಏಪ್ರಿಲಿನಿಂದ ಮೂರು ತಿಂಗಳು ಸಿಬ್ಬಂದಿಯ ಮೂಲವೇತನವನ್ನು ಶೇಕಡಾ 25ರಿಂದ 50ರಷ್ಟು ಕಡಿತ ಮಾಡಿತು, ಆಮೇಲೆ ಸಾವಿರಾರು ಜನರನ್ನು ತೆಗೆಯಿತು. ಹಾಂಗ್‌ಕಾಂಗ್‌ನ ಕ್ಯಾಥೇ ಪೆಸಿಫಿಕ್ ಅಕ್ಟೋಬರಿನಲ್ಲಿ 5,900 ಹುದ್ದೆ ಕಡಿದು, ಉಳಿದ ಪೈಲಟ್‌ಗಳ ಮುಂದೆ ಕಡಿಮೆ ಸಂಬಳದ ಹೊಸ ಕರಾರು ಇಟ್ಟಿತು: ಸಹಿ ಹಾಕಿ, ಇಲ್ಲವೇ ಹೊರಡಿ.

ಕೊಲ್ಲಿಯಲ್ಲಿ ಕೆಲಸ ಹೋದರೆ ಸಂಬಳವೊಂದೇ ಹೋಗುವುದಿಲ್ಲ. ವೀಸಾ ಕೆಲಸಕ್ಕೆ ಅಂಟಿಕೊಂಡಿದೆ, ಮನೆ ಕೆಲಸಕ್ಕೆ ಅಂಟಿಕೊಂಡಿದೆ, ಮಕ್ಕಳ ಶಾಲೆಯೂ. ಕೈಗೆ ಬರುವುದು ಸೇವಾವಧಿಯ ಗ್ರಾಚುಯಿಟಿ. ಯುಎಇ ಕಾನೂನಿನಂತೆ ಮೊದಲ ಐದು ವರ್ಷಕ್ಕೆ ವರ್ಷವೊಂದಕ್ಕೆ 21 ದಿನದ ವೇತನ, ಆಮೇಲೆ 30 ದಿನದ್ದು. ಆದರೆ ಇದು ಮೂಲವೇತನದ ಮೇಲೆ ಮಾತ್ರ. ಒಟ್ಟು ಮೊತ್ತ ದೊಡ್ಡದು, ಅದರಲ್ಲಿ ಮೂಲವೇತನ ಪುಟ್ಟದು ಎಂದು ಕಂಡರೆ ಕಂಪನಿ ಏನು ಉಳಿಸುತ್ತಿದೆ ಎಂದು ಗೊತ್ತಾಗುತ್ತದೆ.

ಏಳು ಗಂಟೆಗೆ ಅವನು ಬಂದ. ಅಂಚಿನಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿದ ಪುಟಗಳನ್ನು ಮುಂದಿಟ್ಟೆ. ಖಾತರಿ ಗಂಟೆ, ರಾತ್ರಿಗಳ ಮಿತಿ, ಬಾಂಡ್, ಕೋರ್ಟು ಯಾವ ದೇಶದ್ದು, ಎಲ್ಲವನ್ನೂ ತಿರುವಿದ. ಕೊನೆಗೆ ಅವನೇ ಬೇರೊಂದು ಸಾಲಿನ ಮೇಲೆ ಬೆರಳಿಟ್ಟ: ತೊಂಬತ್ತು ದಿನದೊಳಗೆ ಸೇರಬೇಕು.

‘ಇದೇ ಮಾಮ ತೊಡಕು. ಇಲ್ಲಿ ಒಂದು ವರ್ಷ ನೋಟಿಸ್ ಕೊಡಬೇಕಲ್ಲ.’

ಹೌದು. ಡಿಜಿಸಿಎ 2017ರಲ್ಲಿ ಕ್ಯಾಪ್ಟನ್‌ಗಳಿಗೆ ಒಂದು ವರ್ಷ, ಫಸ್ಟ್ ಆಫೀಸರ್‌ಗಳಿಗೆ ಆರು ತಿಂಗಳ ನೋಟಿಸ್ ಅವಧಿ ನಿಗದಿ ಮಾಡಿತು. 2023ರಲ್ಲಿ ಆಕಾಸ ಏರ್ ತನ್ನ 43 ಪೈಲಟ್‌ಗಳು ನೋಟಿಸ್ ಅವಧಿ ಪೂರೈಸದೆ ಬಿಟ್ಟರೆಂದು ಹೈಕೋರ್ಟ್ ಮೆಟ್ಟಿಲು ಹತ್ತಿತು. ವಿದೇಶಿ ಕಂಪನಿಗಳು ನಮ್ಮ ಅನುಭವಿ ಪೈಲಟ್‌ಗಳನ್ನು ಸೆಳೆಯುವುದಕ್ಕೊಂದು ನೀತಿಸಂಹಿತೆ ಬೇಕು ಎಂದು 2025ರಲ್ಲಿ ಭಾರತ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮುಂದೆಯೂ ಕೇಳಿತು. ಹೊರಗಿನ ಕಂಪನಿಗಳಿಗೆ ಈ ನೋಟಿಸಿನ ವಿಷಯ ಗೊತ್ತು. ಬೇಕಾದವರಿಗಾಗಿ ಕೆಲವು ಕಾಯುತ್ತವೆ. ಕಾಯುವುದಾಗಿ ಬರೆದು ಕೊಡಿ ಎಂದು ಕೇಳುವುದೊಂದೇ ದಾರಿ.

ಅಕ್ಕ ಇಷ್ಟು ಹೊತ್ತೂ ಸುಮ್ಮನೆ ಕೂತಿದ್ದಳು. ತಿಂಗಳಿಗೆ ಎಷ್ಟಂತೆ ಎಂದು ಮತ್ತೆ ಕೇಳಲಿಲ್ಲ.

‘ಹಾಗಾದ್ರೆ ಬರೋ ದೀಪಾವಳಿಗೆ ಇಲ್ಲೇ ಇರ್ತಾನೆ ಅನ್ನು’ ಎಂದು ಎದ್ದು ಕಾಫಿಗೆ ನೀರಿಡಲು ಹೋದಳು.