ಲಾ ಸೀಟಿಗೆ ಪ್ರವೇಶ ಪರೀಕ್ಷೆ ಬೇಕೇ?

ಪ್ರಶ್ನೆ: ಪಿಯುಸಿ ಮುಗಿದಿದೆ. ಲಾ ಓದಲು ಪ್ರವೇಶ ಪರೀಕ್ಷೆ ಬರೆಯಲೇಬೇಕೇ? ಮನೆಮಾತು ಬಂಗಾಳಿಯಾದ ನಮಗೂ 371ಜೆ ಮೀಸಲಾತಿ ಸಿಗುತ್ತದೆಯೇ?
– ಓದುಗರೊಬ್ಬರು, ಆರ್.ಎಚ್. ಕ್ಯಾಂಪ್, ಸಿಂಧನೂರು ತಾಲ್ಲೂಕು

ಉತ್ತರ: ಎಲ್ಲೆಡೆ ಬೇಕಿಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಐದು ವರ್ಷದ ಕೋರ್ಸಿಗೆ ಕ್ಲ್ಯಾಟ್ ಬರೆಯಬೇಕು. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಪಿಯುಸಿ ಅಂಕವೇ ಆಧಾರ: ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45, ಹಿಂದುಳಿದವರಿಗೆ 42, ಪರಿಶಿಷ್ಟರಿಗೆ 40. ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದ್ದರೂ ಅಡ್ಡಿಯಿಲ್ಲ. ಪದವಿಯ ನಂತರವಾದರೆ ಮೂರು ವರ್ಷದ ಎಲ್‌ಎಲ್.ಬಿ. ಇದೆ.

ಸಂವಿಧಾನದ 371ಜೆ ವಿಧಿಯ ಮೀಸಲಾತಿ ಮನೆಮಾತನ್ನು ನೋಡುವುದಿಲ್ಲ; ಕಲ್ಯಾಣ ಕರ್ನಾಟಕದಲ್ಲಿ ಹುಟ್ಟಿದ್ದು ಅಥವಾ ನಿಗದಿತ ಕಾಲ ನೆಲೆಸಿದ್ದು ಮುಖ್ಯ. ನಿಮ್ಮ ತಾಲ್ಲೂಕಿನವರಿಗೆ ಇದರ ಪ್ರಮಾಣಪತ್ರ ಕೊಡುವವರು ಲಿಂಗಸುಗೂರಿನ ಸಹಾಯಕ ಆಯುಕ್ತರು. ಪ್ರವೇಶದ ಪ್ರಕಟಣೆ ಬರುವ ಮೊದಲೇ ಅದನ್ನು ಮಾಡಿಸಿಟ್ಟುಕೊಳ್ಳಿ.